ಅಜ್ಜನ ಪುಸ್ತಕ, ಏಳನೇ ವಾರ: ಕೌಂಟು, ಕೆಮ್ಮು, ಒಂದು ಗಂಟು

ಅಜ್ಜನ ಬದುಕಿನ ಬಗ್ಗೆ ಒಂದು ಪುಸ್ತಕ ಮಾಡುತ್ತಿದ್ದೇನೆ. ಹೋದ ಸಲ ಬರೆದಾಗ ಅದಕ್ಕೆ ಬೇಕಾದ ಹಳೇ ಫೋಟೋಗಳ ಸ್ಕ್ಯಾನಿಂಗ್ ಅರ್ಧಕ್ಕೆ ನಿಂತಿತ್ತು. ಈಗ ಮುಗಿಯಿತು, ಒಟ್ಟು 143. ದೊಡ್ಡವಕ್ಕೆ 600 ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಲೆಕ್ಕ), ಪಾಸ್‌ಪೋರ್ಟ್ ಅಳತೆಯವಕ್ಕೆ 1200. ಒಂದನ್ನು ಮಾತ್ರ ನಾನೇ ಹಾಳು ಮಾಡಿದೆ. ಅಜ್ಜ-ಅಜ್ಜಿ ಮದುವೆಯಾದ ಹೊಸದರಲ್ಲಿ ತೆಗೆಸಿದ್ದು, ಫ್ರೇಮಿನ ಗಾಜಿಗೆ ಅಂಟಿಕೊಂಡಿತ್ತು. ನಿಧಾನಕ್ಕೆ ಎಳೆದರೆ ಬರುತ್ತೆ ಅಂದುಕೊಂಡೆ. ಅಜ್ಜನ ಎಡಭುಜ ಗಾಜಿನಲ್ಲೇ ಉಳಿಯಿತು. ಅಂಥದ್ದನ್ನು ಬಿಡಿಸೋಕೆ ಹೋಗಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಮುಖ ಉಳಿಯಿತಲ್ಲ ಅಂತ ಅಪ್ಪ ಸಮಾಧಾನ ಹೇಳಿದರು. ಆದರೂ ಎರಡು ದಿನ ಈ ಕೆಲಸ ಮುಟ್ಟಲಿಲ್ಲ.

ಆಮೇಲೆ ಕೈಗೆತ್ತಿಕೊಂಡಿದ್ದು ದಿನಚರಿ. ಈಗ ಓದಲು ಶುರು ಮಾಡಿದವರಿಗೆ: ಅಜ್ಜ ಒಂದು ಸಣ್ಣ ಊರಿನ ನೂಲಿನ ಗಿರಣಿಯಲ್ಲಿ 38 ವರ್ಷ ದುಡಿದರು, 91 ವರ್ಷ ಬದುಕಿದರು. ತುಂಬಿದ ಬಾಬಿನ್ ಕಿತ್ತು ಖಾಲಿಯದ್ದನ್ನು ಸಿಕ್ಕಿಸುವ ಡಾಫರ್ ಹುಡುಗನಾಗಿ ಸೇರಿ, ವರ್ಷಗಟ್ಟಲೆ ನೂಲು ತೆಗೆಯುವ ಯಂತ್ರವಾದ ರಿಂಗ್ ಫ್ರೇಮ್ ನೋಡಿಕೊಂಡು, ಕೊನೆಗೆ ನೂಲು ಸುತ್ತುವ ವೈಂಡಿಂಗ್ ಖಾತೆಯಿಂದ ನಿವೃತ್ತರಾದರು. ಬರೆಯುವ ಅಭ್ಯಾಸ ಇತ್ತು, ಆದರೆ ದಿನಕ್ಕೆ ಒಂದೇ ಸಾಲು, ಕೆಲವು ದಿನ ಅದೂ ಇಲ್ಲ.

ಆ ಸಾಲುಗಳಲ್ಲಿ ಜಾಸ್ತಿ ಇರೋದು ನಂಬರುಗಳೇ. 20, 30, 40. ಮೊದಲು ಕೂಲಿ ಲೆಕ್ಕ ಅಂದುಕೊಂಡಿದ್ದೆ. ಅದಲ್ಲ, ನೂಲಿನ ಕೌಂಟು. 840 ಗಜ ನೂಲಿಗೆ ಒಂದು ಲಡಿ, ಒಂದು ಪೌಂಡ್ ತೂಕಕ್ಕೆ ಎಷ್ಟು ಲಡಿ ಬರುತ್ತೋ ಅಷ್ಟು ಕೌಂಟು. ನಂಬರ್ ಏರಿದಷ್ಟೂ ನೂಲು ಸಣ್ಣ. 40 ಅಂದರೆ 33,600 ಗಜ, ಅಂದರೆ ಅರ್ಧ ಕೆಜಿಯೂ ಇಲ್ಲದ ಹತ್ತಿಯಿಂದ ಸುಮಾರು 31 ಕಿಲೋಮೀಟರ್ ನೂಲು! ಕ್ಯಾಲ್ಕುಲೇಟರಲ್ಲಿ ಎರಡು ಸಲ ಒತ್ತಿ ನೋಡಿದೆ.

ಇದು ಗೊತ್ತಾದ ಮೇಲೆ ದೊಡ್ಡತ್ತೆ ಹುಟ್ಟಿದ ದಿನದ ಸಾಲು ಅರ್ಥವಾಯಿತು. "ಇಂದಿನಿಂದ 40. ಹೆಣ್ಣು ಮಗು. ಇಬ್ಬರೂ ಕ್ಷೇಮ." ಅಷ್ಟೇ. ಫೋನಲ್ಲಿ ಓದಿ ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ "ನನಗಿಂತ ಮೊದಲು ನೂಲು ಬರೆದಿದ್ದಾರಲ್ಲೋ" ಅಂತ ನಕ್ಕರು. ಪುಸ್ತಕದಲ್ಲಿ ಈ ಪುಟವನ್ನು ಟೈಪ್ ಮಾಡದೆ ಹಾಗೇ ಫೋಟೋ ಹಾಕುತ್ತೇನೆ. "ಇಬ್ಬರೂ" ಅನ್ನೋದನ್ನು ಎಷ್ಟು ಒತ್ತಿ ಬರೆದಿದ್ದಾರೆ ಅಂದರೆ ಹಾಳೆಯ ಹಿಂದೆ ಬೆರಳಾಡಿಸಿದರೆ ಅಕ್ಷರ ಸಿಗುತ್ತೆ.

ಸಾಲುಗಳನ್ನೆಲ್ಲ ಸ್ಪ್ರೆಡ್‌ಶೀಟಿಗೆ ಹಾಕುವಾಗ ಇನ್ನೊಂದು ಕಣ್ಣಿಗೆ ಬಿತ್ತು. "ಎದೆ ಬಿಗಿ" ಅಂತ ಅಲ್ಲಲ್ಲಿ ಬರೆದಿದ್ದಾರೆ, ತಾರೀಖು ನೋಡಿದರೆ ಹೆಚ್ಚಿನವು ವಾರದ ರಜೆ ಮುಗಿದ ಮರುದಿನದ್ದು. ಹತ್ತಿ ಧೂಳಿನಿಂದ ಬರುವ ಬಿಸಿನೋಸಿಸ್ ಅನ್ನೋ ಕಾಯಿಲೆಯ ಲಕ್ಷಣ ಹೀಗೇ ಇರುತ್ತೆ. ಶುರುವಿನಲ್ಲಿ ರಜೆ ಮುಗಿಸಿ ಹೋದ ಮೊದಲ ದಿನ ಎದೆ ಹಿಡಿಯುತ್ತೆ, ವಾರ ಕಳೆದಂತೆ ಸಡಿಲವಾಗುತ್ತೆ, ವರ್ಷಾನುಗಟ್ಟಲೆ ಧೂಳು ಕುಡಿದರೆ ಉಸಿರಾಟದ ತೊಂದರೆ ಕಾಯಂ ಆಗಬಹುದು. ಅಜ್ಜ ಮಾತ್ರ "ರಜೆ ಮೈಗೆ ಹತ್ತಿದೆ" ಅಂತ ತಮ್ಮನ್ನೇ ಬೈದುಕೊಳ್ಳುತ್ತಿದ್ದರಂತೆ. ಡಾಕ್ಟರ್ ಬರೆದುಕೊಟ್ಟ ಕಾಗದ ಯಾವುದೂ ಇಲ್ಲ. ಹಾಗಾಗಿ ಕಾಯಿಲೆಯ ಹೆಸರನ್ನು ನಾನಾಗಿ ಪುಸ್ತಕಕ್ಕೆ ಸೇರಿಸೋದಿಲ್ಲ, ಆ ಸಾಲುಗಳನ್ನು ತಾರೀಖಿನ ಜೊತೆ ಸುಮ್ನೆ ಒಂದರ ಕೆಳಗೊಂದು ಇಡುತ್ತೇನೆ.

ಕ್ಯಾಸೆಟ್: ಅಜ್ಜನ ಮಾತು ಇರುವ ಮೂರರಲ್ಲಿ ಎರಡು ಕಂಪ್ಯೂಟರಿಗೆ ಬಂದವು. 90 ನಿಮಿಷದ ಟೇಪಿಗೆ 90 ನಿಮಿಷ ಕೂರಲೇಬೇಕು, ಅಡ್ಡದಾರಿ ಇಲ್ಲ. ಅಜ್ಜನ ದನಿ ಎಲ್ಲೆಲ್ಲೂ ಜೋರು. ಫ್ರೇಮುಗಳ ಸದ್ದಿನ ಮಧ್ಯೆ ಕೂಗಿ ಕೂಗಿ ಬಂದ ದನಿ ಅದು, ನಾವು ಚಿಕ್ಕವರಿದ್ದಾಗ ಸಿಟ್ಟು ಅಂದುಕೊಂಡು ಹೆದರುತ್ತಿದ್ದೆವು.

ಈ ವಾರ ಜಾಸ್ತಿ ಹೊತ್ತು ತಿಂದಿದ್ದು ಗಂಟು. ವೈಂಡಿಂಗಿನಲ್ಲಿ ನೂಲು ಕಡಿದರೆ ಅಜ್ಜ ಹಾಕುತ್ತಿದ್ದ ನೇಕಾರರ ಗಂಟು. ಹಡಗಿನವರು ಎರಡು ಹಗ್ಗ ಸೇರಿಸಲು ಹಾಕುವುದೂ ಇದೇ ಗಂಟನ್ನೇ. ಚಿಕ್ಕದಾಗಿ ಕೂರಬೇಕು, ತುದಿ ಉದ್ದ ಬಿಟ್ಟರೆ ಮುಂದೆ ಮಗ್ಗದಲ್ಲಿ ಸಿಕ್ಕಿಕೊಳ್ಳುತ್ತೆ. ತಂಗಿಯ ಹಳೇ ಫೋನಲ್ಲಿ ಎಂಟು ಸೆಕೆಂಡಿನ ವಿಡಿಯೋ ಸಿಕ್ಕಿತು. ಅವಳ ಗಾಳಿಪಟದ ದಾರ ಕಡಿದಿತ್ತು. ಅಜ್ಜ ಎಡಗೈ ಹೆಬ್ಬೆರಳು-ತೋರುಬೆರಳ ನಡುವೆ ಎರಡು ತುದಿ ಅಡ್ಡ ಹಿಡಿದು, ಒಂದನ್ನು ಉಗುರಿನ ಸುತ್ತ ತಂದು, ಇನ್ನೊಂದನ್ನು ಆ ಕುಣಿಕೆಗೆ ಬಗ್ಗಿಸಿ ಎಳೆಯುತ್ತಾರೆ. ಕಾಲು ವೇಗದಲ್ಲಿ ಎಷ್ಟು ಸಲ ನೋಡಿದೆನೋ. ದಪ್ಪ ದಾರದಲ್ಲಿ ಈಗ ಬರುತ್ತೆ, ಹೊಲಿಗೆ ದಾರದಲ್ಲಿ ಹತ್ತಕ್ಕೆ ಏಳು ಜಾರುತ್ತವೆ. ಅಜ್ಜ ಆ ಎಂಟು ಸೆಕೆಂಡಲ್ಲಿ ಒಂದು ಸಲವೂ ಕೈ ನೋಡೋದಿಲ್ಲ, ತಂಗಿಗೆ ಏನೋ ಹೇಳುತ್ತಾ ಇರುತ್ತಾರೆ.

ಮುಂದಿನ ವಾರ ಇದರ ಹಂತ ಹಂತದ ಫೋಟೋ ತೆಗೆಯಬೇಕು. ನನ್ನ ಎರಡೂ ಕೈ ದಾರದಲ್ಲಿರುತ್ತವೆ, ಕ್ಯಾಮೆರಾ ಹಿಡಿಯೋಕೆ ತಂಗಿಯನ್ನು ಕರೆದಿದ್ದೇನೆ.