ಹೆಪಟೈಟಿಸ್ ಬಿ ಲೆಕ್ಕ: ಯಾರ ರಕ್ತ ನೋಡಿದ್ರು?

ಭಾರತದಲ್ಲಿ ಹೆಪಟೈಟಿಸ್ ಬಿ, ಅಂದರೆ ಲಿವರ್‌ಗೆ ತಗುಲುವ ವೈರಸ್ ಸೋಂಕು, ಎಷ್ಟು ಜನಕ್ಕಿದೆ? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 2022ರ ಹೊತ್ತಿಗೆ 2.98 ಕೋಟಿ. ಅಂದರೆ ನೂರಕ್ಕೆ ಇಬ್ಬರ ಹತ್ತಿರ. ಆದರೆ ನಾಲ್ಕನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತೆಗೆದಿಟ್ಟಿದ್ದ ರಕ್ತವನ್ನು ಪರೀಕ್ಷೆ ಮಾಡಿದಾಗ ಸಿಕ್ಕಿದ್ದು 0.95%. ಅರ್ಧಕ್ಕಿಂತ ಕಡಿಮೆ! ಆ ಸಮೀಕ್ಷೆಯಲ್ಲಿ ರಕ್ತ ಕೊಟ್ಟ ಹೆಂಗಸರು 15ರಿಂದ 49 ವರ್ಷದವರು, ಗಂಡಸರು 15ರಿಂದ 54. ಅದಕ್ಕಿಂತ ವಯಸ್ಸಾದವರು ಲೆಕ್ಕದಲ್ಲೇ ಇಲ್ಲ.

ಅದಕ್ಕೇ ಯಾರಾದರೂ ಶೇಕಡಾ ಇಷ್ಟು ಅಂದ ಕೂಡಲೇ ನಾನು ಕೇಳುವುದು ಒಂದೇ, ಯಾರ ರಕ್ತ ನೋಡಿದ್ರು ಅಂತ.

ಬ್ಲಡ್ ಬ್ಯಾಂಕಿನ ಅಂಕಿ ಸುಲಭಕ್ಕೆ ಸಿಗುತ್ತದೆ. ಆದರೆ ರಕ್ತ ಕೊಡಲು ಬರುವವರಲ್ಲಿ ಗಂಡಸರೇ ಜಾಸ್ತಿ, ಅದೂ ಗಟ್ಟಿಮುಟ್ಟಾಗಿರುವವರು. ಫಾರ್ಮ್‌ನಲ್ಲೇ ಕಾಮಾಲೆ ಬಂದಿತ್ತಾ ಅಂತ ಕೇಳುತ್ತಾರೆ, ಹೌದು ಅಂದವರಲ್ಲಿ ಎಷ್ಟೋ ಜನ ಅಲ್ಲಿಂದಲೇ ವಾಪಸ್, ಹಿಂದೊಮ್ಮೆ ಪಾಸಿಟಿವ್ ಬಂದವರಂತೂ ಮತ್ತೆ ಆ ಕಡೆ ಬರುವುದೇ ಇಲ್ಲ. ಗರ್ಭಿಣಿಯರ ತಪಾಸಣೆಯಿಂದ ಸಿಗುವ ಅಂಕಿ ಇನ್ನೂ ನಂಬಬಹುದು, ಆದರೂ ಅದು ಹರೆಯದ ಹೆಂಗಸರದ್ದು ಮಾತ್ರ. ಇನ್ನು ಎಲ್ಲರನ್ನೂ ಒಟ್ಟು ಹಾಕಿ ಸರಾಸರಿ ತೆಗೆದರೆ ಬುಡಕಟ್ಟು ಜನರ ಕಷ್ಟ ಕಾಣುವುದೇ ಇಲ್ಲ. ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2007ರಲ್ಲಿ ಮಾಡಿದ ಒಂದು ವಿಶ್ಲೇಷಣೆಯಲ್ಲಿ ಅವರಲ್ಲಿ 15.9%, ಉಳಿದವರಲ್ಲಿ 2.4% ಇತ್ತು.

ಪರೀಕ್ಷೆಯದ್ದೂ ಒಂದು ತೊಡಕಿದೆ. 10,000 ಜನರಲ್ಲಿ 200 ಮಂದಿಗೆ ನಿಜಕ್ಕೂ ಸೋಂಕಿದೆ ಅಂದುಕೊಳ್ಳಿ, ಕಿಟ್ ಅಷ್ಟೂ ಜನರನ್ನು ಹಿಡಿಯುತ್ತದೆ, ಆದರೆ ಸೋಂಕಿಲ್ಲದವರಲ್ಲಿ ನೂರಕ್ಕೆ ಇಬ್ಬರನ್ನು ಸುಮ್ನೆ ಪಾಸಿಟಿವ್ ಅನ್ನುತ್ತದೆ. ಉಳಿದ 9,800 ಜನರಲ್ಲಿ 196 ಸುಳ್ಳು ಪಾಸಿಟಿವ್! ಎರಡನೇ ಪರೀಕ್ಷೆ ಮಾಡದೆ ಬರೆದರೆ 2% ಇದ್ದದ್ದು 4% ಆಗಿಬಿಡುತ್ತದೆ. ಜೊತೆಗೆ, ಒಂದು ಸಲದ ಪಾಸಿಟಿವ್‌ನಿಂದ ಸೋಂಕು ಹಳೆಯದೋ ಹೊಸದೋ ಗೊತ್ತಾಗುವುದಿಲ್ಲ. ಆರು ತಿಂಗಳಾದರೂ ಹಾಗೇ ಇದ್ದರೆ ಮಾತ್ರ ಅದು ದೀರ್ಘಕಾಲದ್ದು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಮಕ್ಕಳ ಲೆಕ್ಕ. ಹುಟ್ಟುವಾಗ ತಾಯಿಯಿಂದ ಸೋಂಕು ತಗುಲಿದರೆ ಸುಮಾರು 90% ಮಕ್ಕಳಲ್ಲಿ ಅದು ಉಳಿದುಬಿಡುತ್ತದೆ, ದೊಡ್ಡವರಲ್ಲಿ 5%ಗಿಂತ ಕಡಿಮೆ. ಲಸಿಕೆ ಕೆಲಸ ಮಾಡಿದೆಯಾ ಅಂತ ತಿಳಿಯಲು ಐದು ವರ್ಷದೊಳಗಿನವರನ್ನೇ ನೋಡಬೇಕು, 2030ಕ್ಕೆ ಜಗತ್ತಿನ ಗುರಿ 0.1%. ಇಲ್ಲಿ ಸಣ್ಣ ಸಮೀಕ್ಷೆ ಸಾಲದು. 300 ಮಕ್ಕಳಲ್ಲಿ ಒಬ್ಬರಿಗೂ ಇಲ್ಲ ಅಂದರೂ ನಿಜವಾದ ಪ್ರಮಾಣ 1%ವರೆಗೆ ಇರಬಹುದು. 0.1%ಗಿಂತ ಕಡಿಮೆ ಅಂತ ಧೈರ್ಯವಾಗಿ ಹೇಳಬೇಕಾದರೆ, ಒಂದೂ ಪಾಸಿಟಿವ್ ಬರದಿದ್ದರೂ, ಕನಿಷ್ಠ 3,000 ಮಕ್ಕಳನ್ನು ಪರೀಕ್ಷಿಸಬೇಕು.