ಶ್ರೀನಿವಾಸಪುರದಿಂದ ಮಧುಗಿರಿಗೆ, ಸೈಕಲ್ ಮೇಲೆ

ಬೆಂಗಳೂರನ್ನು ಮುಟ್ಟದೆ ರಾಜ್ಯವನ್ನು ಮೂಡಣದಿಂದ ಪಡುವಣಕ್ಕೆ ಸೈಕಲ್‌ನಲ್ಲಿ ದಾಟಬೇಕೆಂದರೆ ರಾಷ್ಟ್ರೀಯ ಹೆದ್ದಾರಿ 69ರಷ್ಟು ಒಳ್ಳೆಯ ದಾರಿ ನನಗಂತೂ ಇನ್ನೊಂದು ಕಂಡಿಲ್ಲ. ಈ ತುದಿಯಲ್ಲಿ ಮುಳಬಾಗಿಲಿನ ಆಚೆಯ ಆಂಧ್ರದ ಗಡಿ, ಆ ತುದಿಯಲ್ಲಿ ಹೊನ್ನಾವರದ ಕಡಲು. ನಡುವೆ ಚಿಂತಾಮಣಿ, ಗೌರಿಬಿದನೂರು, ಶಿರಾ, ಹುಳಿಯಾರು, ಕಡೂರು, ಶಿವಮೊಗ್ಗ. ನಾವು ಡಿಸೆಂಬರಿನಲ್ಲಿ ಹೊರಟದ್ದು ಗಾಳಿಯ ಲೆಕ್ಕ ಹಾಕಿ. ಚಳಿಗಾಲದ ಮೂಡಗಾಳಿ ಪಡುವಣಕ್ಕೆ ತುಳಿಯುವವರ ಬೆನ್ನಿಗೆ ಬರುತ್ತದೆ. ಮುಂಗಾರಿನಲ್ಲಿ ಇದೇ ದಾರಿ ಹಿಡಿದರೆ ಪಡುಗಾಳಿ ಎದೆಗೆ ಬಡಿಯುತ್ತದೆ.

ಇಡೀ ಪ್ರವಾಸದಲ್ಲಿ ಅತಿ ಉದ್ದದ ದಿನವೆಂದರೆ ಶ್ರೀನಿವಾಸಪುರದಿಂದ ಮಧುಗಿರಿಯದು. ನಡುವೆ ವಿದುರಾಶ್ವತ್ಥಕ್ಕೂ ಹೋಗಿಬಂದದ್ದರಿಂದ 150 ಕಿಲೋಮೀಟರಿನ ಆಸುಪಾಸು ಆಯಿತು.

ಬೆಳಿಗ್ಗೆ ಐದೂವರೆಗೆ, ದೀಪ ಹಾಕಿಕೊಂಡೇ ಹೊರಟೆವು. ಮಾವಿನ ತೋಪುಗಳ ನಡುವೆ ಮಂಜು ಎಷ್ಟಿತ್ತೆಂದರೆ ಮುಂದಿನವರ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಗುಂಪಿನಲ್ಲಿ ತುಳಿಯುವಾಗ ಕಣ್ಣಿನ ಕೆಲಸವನ್ನು ಬಾಯಿ ಮಾಡಬೇಕು. ಮುಂದಿನವರು ‘ಗುಂಡಿ!’ ಎಂದರೆ ಆ ಮಾತು ಒಬ್ಬರಿಂದೊಬ್ಬರಿಗೆ ಕೊನೆಯವರೆಗೆ ಹೋಗುತ್ತದೆ. ‘ಹಿಂದೆ ಲಾರಿ!’ ಎನ್ನುವುದು ಕೊನೆಯಿಂದ ಮುಂದಕ್ಕೆ ಬರುತ್ತದೆ. ಮೊದಲ ಒಂದು ಗಂಟೆ ಇವೆರಡು ಕೂಗು ಬಿಟ್ಟು ಬೇರೆ ಮಾತೇ ಇರಲಿಲ್ಲ.

ನಮ್ಮ ವೇಗ ಗೊತ್ತುಮಾಡುತ್ತಿದ್ದವರು ಮೇಷ್ಟ್ರು. ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತರಾದವರು, ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು. ಏರು ಬಂದಾಗ ನಿಧಾನವಾಗುವವರನ್ನು ಮುಂದೆ ಬಿಡಬೇಕು, ಗಟ್ಟಿ ಕಾಲಿನವರು ಹಿಂದೆ ಇರಬೇಕು ಎಂಬುದು ಅವರ ಕಟ್ಟಳೆ. ಹಿಂದೆ ಬಿದ್ದವರು ಹಿಂದೆಯೇ ಉಳಿದರೆ ಅವರಿಗೆ ಎಲ್ಲರೂ ಕಾಯುವ ಕಡೆ ಸುಧಾರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಅವರು ಬಂದು ಮುಟ್ಟುವ ಹೊತ್ತಿಗೆ ಉಳಿದವರು ಹೊರಟು ನಿಂತಿರುತ್ತಾರೆ. ಸಂಜೆಯವರೆಗೂ ಯಾರೂ ಒಂಟಿಯಾಗದೆ ಇದ್ದದ್ದು ಈ ಕಟ್ಟಳೆಯಿಂದ.

ಚಿಂತಾಮಣಿಯಲ್ಲಿ ಇಡ್ಲಿ ವಡೆ. ಹೋಟೆಲಿನ ಮುಂದೆ ಹೂವು ಕಟ್ಟುತ್ತಿದ್ದ ಅಜ್ಜಿ ಮೊದಲು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ ಮಾತಾಡಿಸಿದರು. ‘ಇಷ್ಟು ಜನ ಎತ್ಲಾಗ್ರಪ್ಪಾ ಹೊಂಟಿದ್ದು?’ ಸಮುದ್ರಕ್ಕೆ ಎಂದಾಗ ‘ಬಸ್ಸೈತಲ್ಲಪ್ಪಾ’ ಎಂದು ನಿಜವಾಗಿಯೂ ಕನಿಕರಪಟ್ಟರು.

ಅಲ್ಲಿಂದ ಮುಂದೆ ರಸ್ತೆ ಏಳುತ್ತದೆ, ಬೀಳುತ್ತದೆ. ಕಾರಿನಲ್ಲಿ ಹೋಗುವಾಗ ಚಪ್ಪಟೆಯಾಗಿ ಕಾಣುವ ನೆಲ ಇದು. ಸೈಕಲ್ ಮೇಲೆ ಪ್ರತಿ ದಿಣ್ಣೆಯೂ ತೊಡೆಗೆ ಗೊತ್ತಾಗುತ್ತದೆ. ಇಳಿಜಾರು ಮುಗಿದಲ್ಲೆಲ್ಲ ಒಂದು ಕೆರೆ, ಏರಿಯ ಪಕ್ಕದಲ್ಲಿ ರಸ್ತೆ, ಮತ್ತೆ ದಿಣ್ಣೆ. ‘ಪ್ರತಿ ದಿಣ್ಣೆ ಹತ್ತಿದಾಗ್ಲೂ ನೀರು ಯಾವ ಕಡೆಗೆ ಹೋಗುತ್ತೆ ನೋಡ್ರಯ್ಯಾ’ ಎಂದರು ಮೇಷ್ಟ್ರು. ಪಾಲಾರ್, ಪಾಪಾಗ್ನಿ, ದಕ್ಷಿಣ ಪಿನಾಕಿನಿ, ಉತ್ತರ ಪಿನಾಕಿನಿ ಎಲ್ಲವೂ ಹುಟ್ಟುವುದು ಈ ಸೀಮೆಯಲ್ಲೇ. ಅರ್ಕಾವತಿ ನಂದಿಯ ಇನ್ನೊಂದು ಮಗ್ಗುಲಿನಿಂದ ಕಾವೇರಿಗೆ ಹೋಗುತ್ತದೆ. ಇಷ್ಟು ನದಿ ಹುಟ್ಟಿದರೂ ವರ್ಷವಿಡೀ ಹರಿಯುವ ಒಂದೂ ಇಲ್ಲಿಲ್ಲ. ಬಿದ್ದ ಮಳೆಯನ್ನು ಕಟ್ಟೆ ಹಾಕಿ ನಿಲ್ಲಿಸಿಕೊಂಡರೆ ಮಾತ್ರ ಬದುಕು. ಕೆರೆಗಳು ಯಾಕೆ ಇಷ್ಟು ಹತ್ತಿರ ಹತ್ತಿರ ಇವೆ ಎಂದು ಚಿಕ್ಕಂದಿನಿಂದ ಕೇಳಿಕೊಳ್ಳುತ್ತಿದ್ದ ನನಗೆ, ಅವು ಸರಪಳಿಯಾಗಿ ಒಂದರ ಕೋಡಿ ಇನ್ನೊಂದಕ್ಕೆ ಇಳಿಯುವುದು ಮನಸ್ಸಿಗೆ ನಾಟಿದ್ದು ಅಂದೇ.

ಶಿಡ್ಲಘಟ್ಟ ಹತ್ತಿರವಾದಂತೆ ಎರಡೂ ಕಡೆ ಹಿಪ್ಪುನೇರಳೆ ತೋಟ, ಮನೆಗಳ ಮುಂದೆ ಒರಗಿಸಿಟ್ಟ ಚಂದ್ರಂಕಿ, ಅಂದರೆ ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ. ಊರೊಳಗೆ ರೇಷ್ಮೆಗೂಡು ಬೇಯಿಸುವ ವಾಸನೆ. ಹೊಸಬರಿಗೆ ಅದು ಹಿಡಿಸುವುದಿಲ್ಲ, ನನಗೆ ಅಜ್ಜಿಯ ಮನೆಯ ವಾಸನೆ. ಗೂಡಿನ ಮಾರುಕಟ್ಟೆಗೆ ಚೀಲ ಹೊತ್ತು ಬಂದಿದ್ದ ರೈತರೊಬ್ಬರು ನಮ್ಮ ಗುಂಪಿನ ಹುಡುಗಿಯ ಕೈಗೆ ಒಂದು ಗೂಡು ಕೊಟ್ಟು, ‘ಒಂದೇ ಎಳೆ ಕಣಮ್ಮ, ಬಿಚ್ಚಿದ್ರೆ ಒಂದು ಕಿಲೋಮೀಟ್ರು ಬರ್ತದೆ’ ಎಂದರು. ಅದನ್ನು ಅವಳು ಹೊನ್ನಾವರದವರೆಗೂ ಹ್ಯಾಂಡಲ್ ಚೀಲದಲ್ಲಿ ಇಟ್ಟುಕೊಂಡಿದ್ದಳು.

ಚಿಕ್ಕಬಳ್ಳಾಪುರದಲ್ಲಿ ಊಟ: ಮುದ್ದೆ, ಹಿತಕಿದ ಅವರೆಬೇಳೆ ಸಾರು. ಸೊಗಡಿನ ಅವರೆ ಕಾಲದಲ್ಲಿ ಈ ಕಡೆ ಬಂದು ಬೇರೆ ಏನಾದರೂ ಉಂಡರೆ ಬಂದದ್ದೇ ದಂಡ. ಊಟದ ಮೇಲೆ ಕಂದವಾರ ಕೆರೆಯ ಏರಿಯಲ್ಲಿ ಸ್ವಲ್ಪ ಹೊತ್ತು ಕೂತೆವು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧಮಾಡಿ ಕೋಲಾರದ ಕೆರೆಗಳಿಗೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ, ಈ ಕಡೆಗೆ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ತುಂಬಿಸುತ್ತಾರೆ. ಸಾವಿರ ಅಡಿ ಕೊರೆದರೂ ಬೋರ್‌ವೆಲ್ ಬತ್ತುವ ಕಡೆ ಕೆರೆ ತುಂಬಿರುವುದು ಸಣ್ಣ ಮಾತಲ್ಲ. ಆದರೆ ಇದೇ ನೀರು ಇಂಗಿ ನಾವು ಕುಡಿಯುವ ನೀರಿಗೆ ಸೇರುತ್ತದೆ. ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ಇಲ್ಲಿನವರು ಕೇಳುತ್ತಿರುವುದು ನ್ಯಾಯ. ನಮ್ಮ ಜಿಲ್ಲೆಗಳು ನಗರಕ್ಕೆ ಹಾಲು, ತರಕಾರಿ, ಹೂವು ಕಳಿಸುತ್ತವೆ. ತಿರುಗಿ ಬರುವ ನೀರು ಪೂರ್ತಿ ಶುದ್ಧವಾಗಿರಲಿ ಎನ್ನುವುದು ದೊಡ್ಡ ಬೇಡಿಕೆಯಲ್ಲ.

ನಂದಿ, ಕಳವಾರ ಬೆಟ್ಟಗಳನ್ನು ಹಿಂದೆ ಬಿಟ್ಟ ಮೇಲೆ ಆ ದಿನದ ಸುಖ ಶುರುವಾಯಿತು. ಚಿಕ್ಕಬಳ್ಳಾಪುರಕ್ಕಿಂತ ಗೌರಿಬಿದನೂರು ಇನ್ನೂರು ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಮಂಚೇನಹಳ್ಳಿಯ ಕಡೆಗೆ ಇಳಿಯುವಾಗ ಬೆನ್ನಿಗೆ ಗಾಳಿ, ಕಾಲಿಗೆ ಬಿಡುವು. ಇಳಿಜಾರಿನಲ್ಲಿ ಒಬ್ಬರಿಂದೊಬ್ಬರು ನಾಲ್ಕೈದು ಸೈಕಲ್ ದೂರ ಬಿಡಬೇಕೆಂದು ಮೇಷ್ಟ್ರು ಮೊದಲೇ ಹೇಳಿದ್ದರು. ಗುಂಪು ಉದ್ದಕ್ಕೆ ಹರಡಿಕೊಂಡಿತು, ಯಾರೋ ಹಾಡತೊಡಗಿದರು. ಬೆಳಗಿನ ಏರುಗಳಿಗೆಲ್ಲ ಕೂಲಿ ಸಿಕ್ಕಿತು. ನಾವು ಉತ್ತರ ಪಿನಾಕಿನಿಯ ಪಾತ್ರಕ್ಕೆ ಇಳಿದಿದ್ದೆವು.

ಗೌರಿಬಿದನೂರಿನಿಂದ ವಿದುರಾಶ್ವತ್ಥಕ್ಕೆ ಹೋಗಬೇಕೋ ಬೇಡವೋ ಎಂದು ರಸ್ತೆ ಬದಿಯಲ್ಲಿ ಚರ್ಚೆ ನಡೆಯಿತು. ಸೂರ್ಯ ಪಡುವಣಕ್ಕೆ ವಾಲಿದ್ದ. ಹೋಗೋಣ ಎಂದು ಹಟ ಹಿಡಿದವರಲ್ಲಿ ನಾನೂ ಒಬ್ಬ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ ಅದು. ಅದೇ ತಿಂಗಳು ಮದ್ದೂರಿನ ಶಿವಪುರದಲ್ಲಿ ಧ್ವಜ ಹಾರಿತ್ತು, ಇಲ್ಲಿ ರಕ್ತ ಹರಿಯಿತು. ಆಮೇಲೆ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಮಾತಾಡಿ, ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಲು ಒಪ್ಪಂದವಾಯಿತು. ಸಾಲುಸಾಲು ನಾಗರಕಲ್ಲುಗಳ ಕ್ಷೇತ್ರ, ವಿದುರ ನೆಟ್ಟನೆಂದು ನಂಬಿದ್ದ ಅರಳಿಮರ 2001ರಲ್ಲಿ ಬಿದ್ದುಹೋಯಿತು. ವೀರಸೌಧದ ಹತ್ತಿರ ಸೈಕಲ್ ನಿಲ್ಲಿಸಿ ಹೆಲ್ಮೆಟ್ ತೆಗೆದೆವು. ಶಾಲೆಯಲ್ಲಿ ನಾವು ಜಲಿಯನ್ ವಾಲಾ ಬಾಗ್ ಓದಿದಷ್ಟು ಇದನ್ನು ಓದಲಿಲ್ಲ. ನಮ್ಮ ಊರಿನ ಪಕ್ಕದಲ್ಲೇ ಬಿದ್ದವರು ಅವರು, ಜಾತ್ರೆಗೆ ಬರುವಂತೆ ಬಂದಿದ್ದ ಹಳ್ಳಿಯವರು. ಈ ದಾರಿಯಲ್ಲಿ ಹೋಗುವವರು ಇಲ್ಲಿ ಅರ್ಧ ಗಂಟೆಯಾದರೂ ನಿಲ್ಲಬೇಕು.

ಅಲ್ಲಿಂದ ಮಧುಗಿರಿಯವರೆಗಿನದು ಕಷ್ಟದ ತುಳಿತ. ಇಳಿದದ್ದರಲ್ಲಿ ಒಂದಷ್ಟನ್ನು ಮತ್ತೆ ಹತ್ತಬೇಕು, ಎದುರಿಗೆ ಬಿಸಿಲು. ಜಾಲಿ ಮುಳ್ಳಿಗೆ ಎರಡು ಪಂಕ್ಚರ್. ಒಬ್ಬರು ಟಯರ್ ಬಿಚ್ಚುವಾಗ ಇನ್ನೊಬ್ಬರು ಟ್ಯೂಬ್ ಕೊಡುತ್ತಿದ್ದರು, ಉಳಿದವರು ಕಡಲೆಮಿಠಾಯಿ ಹಂಚುತ್ತಿದ್ದರು. ಮೈದೇನಹಳ್ಳಿಯ ಕೃಷ್ಣಮೃಗಗಳನ್ನು ನೋಡಬೇಕೆಂದಿದ್ದವರು ಆಸೆ ಬಿಟ್ಟರು. ದೇವರಾಯನದುರ್ಗದಿಂದ ಬರುವ ಜಯಮಂಗಲಿಯನ್ನು ದಾಟುವಾಗ ಮಾತಾಡುವ ಶಕ್ತಿ ಉಳಿದದ್ದು ಮೇಷ್ಟ್ರಿಗೆ ಮಾತ್ರ. ‘ಇದೂ ಪಿನಾಕಿನಿಗೇ ಸೇರೋದು!’

ಮಧುಗಿರಿಯ ಏಕಶಿಲಾ ಬೆಟ್ಟ ಬಹಳ ದೂರದಿಂದಲೇ ಕಾಣುತ್ತದೆ, ಎಷ್ಟು ತುಳಿದರೂ ಹತ್ತಿರ ಬರುವುದಿಲ್ಲ. ಊರು ಸೇರಿದಾಗ ಕತ್ತಲಾಗಿತ್ತು. ಛತ್ರದ ಅಂಗಳದಲ್ಲಿ ಸೈಕಲ್‌ಗಳನ್ನು ತಲೆಕೆಳಗಾಗಿಸಿ ಟಯರಿನಿಂದ ಮುಳ್ಳು ಆರಿಸಿದೆವು, ಇಳಿಜಾರಿನಲ್ಲಿ ಸವೆದ ಬ್ರೇಕ್ ಕಟ್ಟೆಗಳನ್ನು ಬದಲಾಯಿಸಿದೆವು. ಮೇಷ್ಟ್ರು ನಕ್ಷೆ ಹರಡಿದರು. ಮರುದಿನ ಶಿರಾ, ಬುಕ್ಕಾಪಟ್ಟಣ ದಾಟಿ ಹುಳಿಯಾರು. ದೂರ ಕಡಿಮೆ, ಆದ್ದರಿಂದ ಬೆಳಿಗ್ಗೆ ಆರೂವರೆಗೆ ಹೊರಟರೆ ಸಾಕು ಎಂದರು.