ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಡಿಗ್ರಿನೂ ಓದಬಹುದಾ?

ಮಲ್ಲೇಶ್ವರದ ಕಡೆಯಿಂದ ಬರುವ ಬಸ್ಸಿನಲ್ಲಿ ಕಂಡಕ್ಟರ್ "ಯಾರ್ರೀ ಟಾಟಾ ಇನ್‌ಸ್ಟಿಟ್ಯೂಟ್" ಅಂತ ಕೂಗುವುದನ್ನು ಕೇಳಿಕೊಂಡೇ ನಾನು ಬೆಳೆದದ್ದು. ಐಐಎಸ್‌ಸಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ ಅಂದರೂ ಅದೇ ಜಾಗ ಅಂತ ಗೊತ್ತಾಗಿದ್ದು ಹೈಸ್ಕೂಲಿಗೆ ಬಂದ ಮೇಲೆ. ಜಮ್‌ಶೆಟ್‌ಜಿ ಟಾಟಾ ಕಂಡ ಕನಸು, ಮೈಸೂರು ಅರಸರು ಕೊಟ್ಟ 371 ಎಕರೆ ಜಾಗ, ಸಿ.ವಿ. ರಾಮನ್, ಸತೀಶ್ ಧವನ್, ಇಷ್ಟು ಎಲ್ಲರ ಬಾಯಲ್ಲೂ ಇದೆ. ಒಳಗೆ ಏನು ಓದಿಸುತ್ತಾರೆ ಅಂತ ಕೇಳಿದರೆ ಮಾತ್ರ ತಡವರಿಸುತ್ತಾರೆ.

ಅಕ್ಕನ ಮಗಳು ಈಗ ಸೆಕೆಂಡ್ ಪಿಯು. ಅವಳಿಗೆ ಅಲ್ಲೇ ಸೇರಬೇಕಂತೆ. "ಅದು ಪಿಎಚ್‌ಡಿ ಮಾಡೋರಿಗಲ್ವೇನೋ?" ಅಂತ ಅಕ್ಕ ಫೋನ್ ಮಾಡಿದಳು. ಅವಳು ಕೇಳಿದ್ದರಲ್ಲೂ ಅರ್ಥ ಇದೆ. 1909ರಲ್ಲಿ ಶುರುವಾದ ಸಂಸ್ಥೆ, ಪಿಯು ಮುಗಿಸಿದ ಮಕ್ಕಳಿಗೆ ನಾಲ್ಕು ವರ್ಷದ ಡಿಗ್ರಿ ಅಂತ ಬಾಗಿಲು ತೆರೆದದ್ದು 2011ರಲ್ಲಿ! ಶುರುವಿನಲ್ಲಿ ಎಲ್ಲರೂ ಎಲ್ಲವನ್ನೂ ಓದಬೇಕು. ಗಣಿತದ ಹುಚ್ಚು ಇರುವವರಿಗೂ ಬಯಾಲಜಿ ತಪ್ಪುವುದಿಲ್ಲ. ಕೊನೆಯ ವರ್ಷ ಪೂರ್ತಿ ಒಂದು ಲ್ಯಾಬ್ ಹಿಡಿದು ಸಂಶೋಧನೆ. 2022ರಿಂದ ಗಣಿತ ಮತ್ತು ಕಂಪ್ಯೂಟಿಂಗ್ ಅಂತ ಒಂದು ಬಿಟೆಕ್ ಕೂಡ ಇದೆ. ಸಿಇಟಿ ರ‍್ಯಾಂಕ್ ಇಲ್ಲಿ ನಡೆಯುವುದಿಲ್ಲ, ಅದಕ್ಕೇ ನಮ್ಮೂರಿನ ಎಷ್ಟೋ ಮನೆಗಳಲ್ಲಿ ಇದರ ಸುದ್ದಿಯೇ ಬರುವುದಿಲ್ಲ ಅನಿಸುತ್ತದೆ.

ಭಾವನದು ಬೇರೆ ಪ್ರಶ್ನೆ. "ದೇಶಕ್ಕೆ ಒಂದನೇ ನಂಬರ್ ಅಂತೀರಾ, ಪ್ರಪಂಚದ ಪಟ್ಟಿಲಿ ಎಲ್ಲೋ ಕೆಳಗಿದೆ?" ಕೇಂದ್ರ ಸರ್ಕಾರ ಹೊರಡಿಸುವ ಎನ್‌ಐಆರ್‌ಎಫ್‌ನ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ 2016ರಿಂದಲೂ ಇದೇ ಮೊದಲು, ನಿಜ. ಪ್ರಪಂಚದ ವಿಶ್ವವಿದ್ಯಾಲಯಗಳನ್ನು ಅಳೆಯುವ 2022ರ ಕ್ಯೂಎಸ್ ಪಟ್ಟಿಯಲ್ಲಿ 186ನೇ ಜಾಗ, ಅದೂ ನಿಜ. ಆದರೆ ಅದೇ ಪಟ್ಟಿಯಲ್ಲಿ, ಇಲ್ಲಿನ ಒಬ್ಬೊಬ್ಬ ಪ್ರಾಧ್ಯಾಪಕರ ಕೆಲಸವನ್ನು ಬೇರೆ ಸಂಶೋಧಕರು ಎಷ್ಟು ಬಳಸಿಕೊಂಡಿದ್ದಾರೆ ಅನ್ನುವ ಲೆಕ್ಕದಲ್ಲಿ 100ಕ್ಕೆ 100 ಬಂದಿತ್ತು. ವಿದೇಶಿ ವಿದ್ಯಾರ್ಥಿಗಳು ಎಷ್ಟು, ವಿದೇಶಿ ಮೇಷ್ಟ್ರುಗಳು ಎಷ್ಟು ಅಂತಲೂ ಅಂಕ ಇರುತ್ತದಲ್ಲ, ಅಲ್ಲಿ ಕೆಳಗೆ ಬರುತ್ತದೆ. ಭಾವನಿಗೆ ಇದು ಸಮಾಧಾನ ತರಲಿಲ್ಲ. ಪ್ಯಾಕೇಜ್ ಎಷ್ಟು ಸಿಗುತ್ತೆ ಅಂದರು.

ನನಗೆ ನೆನಪಾಗಿದ್ದು ಅಕ್ಕನ ಮಗಳನ್ನು ಓಪನ್ ಡೇಗೆ, ಅಂದರೆ ಸಂಸ್ಥೆಯೊಳಗೆ ಎಲ್ಲರನ್ನೂ ಬಿಡುವ ದಿನಕ್ಕೆ, ಕರೆದುಕೊಂಡು ಹೋದದ್ದು. ಜಾತ್ರೆಯಂಥ ಜನ. ಎಲ್ಲರೂ ದ್ರವ ಸಾರಜನಕದ ಆಟ ನೋಡಲು ನುಗ್ಗುತ್ತಿದ್ದರೆ ಇವಳು ಕಣಜದ ಗೂಡಿನ ಫೋಟೊ ಮುಂದೆ ನಿಂತುಬಿಟ್ಟಳು. ಇಲ್ಲಿನ ವಿಜ್ಞಾನಿ ರಾಘವೇಂದ್ರ ಗದಗಕರ್ ದಶಕಗಳ ಕಾಲ ನೋಡುತ್ತಾ ಕೂತ ಕಣಜ ಅದು. ಯಾವುದು ಯಾವುದು ಅಂತ ಗುರುತು ಸಿಗಲಿ ಅಂತ ಒಂದೊಂದರ ಮೈಮೇಲೂ ಬಣ್ಣದ ಚುಕ್ಕೆ ಇಟ್ಟಿರುತ್ತಾರೆ. "ರಾಣಿ ಯಾವುದು?" ಅಂತ ಇವಳು ಕೇಳಿದಳು. ಅಲ್ಲಿದ್ದ ಹುಡುಗ ನಕ್ಕ. ಸುಮ್ನೆ ನೋಡಿದರೆ ಗೊತ್ತಾಗಲ್ಲ, ಈ ಜಾತಿಯಲ್ಲಿ ರಾಣಿ ಬಲು ಸಾಧು, ಜಗಳಕ್ಕೇ ಹೋಗಲ್ಲ, ಆದರೆ ಅವಳನ್ನು ತೆಗೆದುಬಿಟ್ಟರೆ ಕೆಲಸಗಾರರಲ್ಲೇ ಒಬ್ಬಳು ಇದ್ದಕ್ಕಿದ್ದಂತೆ ಎಲ್ಲರ ಮೇಲೂ ಎಗರಾಡಲು ಶುರು ಮಾಡುತ್ತಾಳೆ, ಅವಳೇ ಮುಂದಿನ ರಾಣಿ ಅಂದ. ವಾಪಸ್ ಬರುವಾಗ ಬಸ್ಸಲ್ಲಿ ಇವಳದು ಒಂದೇ ಪ್ರಶ್ನೆ: ಅವಳೇ ಅಂತ ಉಳಿದ ಕಣಜಗಳಿಗೆ ಮೊದಲೇ ಗೊತ್ತಿರುತ್ತಾ, ಮಾಮ?

ನನಗೇನು ಗೊತ್ತು!

ಇನ್ನೊಂದು ಕಥೆನೂ ಅವಳಿಗೆ ಹೇಳಿದ್ದೇನೆ. 1933ರಲ್ಲಿ ಕಮಲಾ ಸೊಹೋನಿ ಸೀಟು ಕೇಳಿದಾಗ ಹೆಣ್ಣು ಅನ್ನುವ ಕಾರಣಕ್ಕೆ ಆಗ ಇಲ್ಲಿನ ನಿರ್ದೇಶಕರಾಗಿದ್ದ ರಾಮನ್ ಮೊದಲು ಆಗಲ್ಲ ಅಂದಿದ್ದರು. ಕಮಲಾ ಪಟ್ಟು ಬಿಡಲಿಲ್ಲ, ಷರತ್ತಿನ ಮೇಲೆ ಸೇರಿಕೊಂಡರು, 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌ಡಿ ಪಡೆದರು. ಸಂಸ್ಥೆಯ ಹೆಸರಿನ ಜೊತೆ ಈ ಮುಜುಗರದ ಸಂಗತಿಯೂ ಇರಲಿ ಅಂತ ಹೇಳಿದೆ.

ಹುಡುಗಿ ಇಲ್ಲಿ ಸೇರಲು ಬರೆಯುವ ಐಎಟಿ ಪರೀಕ್ಷೆಯ ಅರ್ಜಿ ತುಂಬಿದ್ದಾಳೆ. ಸಿಇಟಿಯದ್ದೂ ತುಂಬಿದ್ದಾಳೆ, ಅದು ಅವರಪ್ಪನ ಸಮಾಧಾನಕ್ಕೆ.